ಎಡ ಥ್ರೆಡ್, ಕೆಂಪು ಆಯಿಲ್: ಸರ್ವಿಸ್‌ಗೆ ಹೋಗಿ ಕೆಟ್ಟು ಬಂದ ಜೀಪಿನ ರಿಪೇರಿ

ಆರ್‌ಸಿ ನವೀಕರಣಕ್ಕೆ ಮೊದಲು ಒಂದು ಸಲ ಪೂರ್ತಿ ಸರ್ವಿಸ್ ಆಗಲಿ ಎಂದು ನಮ್ಮ ಜೀಪನ್ನು ಪಟ್ಟಣದ ಒಂದು ವರ್ಕ್‌ಶಾಪ್‌ಗೆ ಬಿಟ್ಟಿದ್ದೆವು. ಹೋಗುವಾಗ ಅದಕ್ಕೆ ದೊಡ್ಡ ತೊಂದರೆ ಏನೂ ಇರಲಿಲ್ಲ. ಬರುವಾಗ ಬ್ರೇಕ್ ಹಿಡಿದುಕೊಂಡಿತ್ತು, ಹಿಂದಿನ ಎಡ ಚಕ್ರ ಅಲುಗುತ್ತಿತ್ತು, ಗೇರ್‌ಬಾಕ್ಸ್‌ಗೆ ಹಾಕಬಾರದ ಆಯಿಲ್ ಬಿದ್ದಿತ್ತು. ಇದನ್ನೆಲ್ಲ ಹೇಗೆ ಪತ್ತೆ ಮಾಡಿದೆವು, ಹೇಗೆ ಸರಿಮಾಡಿದೆವು, ವರ್ಕ್‌ಶಾಪಿನವರ ಹತ್ತಿರ ಹೇಗೆ ಮಾತಾಡಿದೆವು ಎಂದು ಬರೆದಿಡುತ್ತಿದ್ದೇನೆ. ಕೊಡಗಿನಲ್ಲಿ ತೋಟಕ್ಕೊಂದು ಹಳೆ ಜೀಪು ಇದ್ದೇ ಇದೆ. ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಗಾಡಿ ಮಹೀಂದ್ರ ಸಿಜೆ 3ಬಿ, 60ರ ದಶಕದ್ದು. ಅಮೆರಿಕದ ವಿಲ್ಲೀಸ್ ಕಂಪನಿ 1953ರಲ್ಲಿ ಹೊರತಂದ ಮಾದರಿ. ಅದನ್ನೇ ಮಹೀಂದ್ರದವರು ಇಲ್ಲಿ ವರ್ಷಗಟ್ಟಲೆ ಮಾಡಿದರು. ಬಾನೆಟ್ ಎತ್ತರ ಇರುವುದೇ ಇದರ ಗುರುತು. ಹರಿಕೇನ್ ಎಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವ್ ಹೆಡ್‌ನಲ್ಲಿದೆ, ಎಕ್ಸಾಸ್ಟ್ ವಾಲ್ವ್ ಬ್ಲಾಕ್‌ನಲ್ಲೇ ಇದೆ. ಹಾಗಾಗಿ ಎಂಜಿನ್ ಎತ್ತರವಾಯಿತು, ಅದರ ಮೇಲಿನ ಬಾನೆಟ್ಟೂ ಎತ್ತರವಾಯಿತು. 2.2 ಲೀಟರ್, ಪೆಟ್ರೋಲ್. ನಮ್ಮ ಕಡೆ ಇಂಥ ಎಷ್ಟೋ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ನಮ್ಮದು ಇನ್ನೂ ಹುಟ್ಟಿದ ಎಂಜಿನ್ನಿನಲ್ಲೇ ಓಡುತ್ತಿದೆ. ಕಾಫಿ ಕೊಯ್ಲಿನಲ್ಲಿ ಮೂಟೆ ಹೊರುತ್ತದೆ, ಮಳೆಗಾಲದಲ್ಲಿ ಬೇರೆ ಗಾಡಿ ಹತ್ತದ ದಾರಿಯಲ್ಲಿ ಹತ್ತುತ್ತದೆ. ಮನೆಯವರಿಗೆಲ್ಲ ಅದರ ಮೇಲೆ ಪ್ರೀತಿ. ಹೀಗೆ ಕೆಟ್ಟು ಬಂದದ್ದು ನೋಡಿ ನಿಜವಾಗಿ ಹೊಟ್ಟೆ ಉರಿಯಿತು.

ಮೊದಲು ಗೊತ್ತಾದದ್ದು ಬ್ರೇಕ್ ವಿಷಯ. ಮೂರ್ನಾಡು ದಾಟಿ ನಾಪೋಕ್ಲು ಕಡೆ ಬರುವಾಗ ಗಾಡಿ ಎಳೆಯುತ್ತಿಲ್ಲ ಅನಿಸಿತು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೂ ಉರುಳಲಿಲ್ಲ. ಪೆಡಲ್ ಕಲ್ಲಿನಷ್ಟು ಗಟ್ಟಿ. ನಿಲ್ಲಿಸಿ ಇಳಿದರೆ ನಾಲ್ಕೂ ಚಕ್ರದಿಂದ ಸುಟ್ಟ ಲೈನರ್ (ಬ್ರೇಕ್ ಶೂ ಮೇಲಿನ ಉಜ್ಜುವ ಪಟ್ಟಿ) ವಾಸನೆ. ಡ್ರಮ್ ಹತ್ತಿರ ಕೈ ಒಯ್ಯಲು ಆಗದಷ್ಟು ಬಿಸಿ. ಫೋನ್ ಮಾಡಿದಾಗ ವರ್ಕ್‌ಶಾಪಿನವರು ಹೇಳಿದ್ದು ಇಷ್ಟೇ: "ಶೂ ಹೊಸದಾಗಿ ಸೆಟ್ ಮಾಡಿದ್ದೇವೆ ಸಾರ್, ಸ್ವಲ್ಪ ಓಡಿಸಿ, ಸರಿ ಆಗ್ತದೆ."

ದಯವಿಟ್ಟು ಇಂಥ ಮಾತು ನಂಬಿ ಓಡಿಸಬೇಡಿ. ಶೂ, ಅಂದರೆ ಡ್ರಮ್ಮಿಗೆ ಒಳಗಿನಿಂದ ಒತ್ತಿ ಚಕ್ರ ನಿಲ್ಲಿಸುವ ಭಾಗ, ಸ್ವಲ್ಪ ಬಿಗಿಯಾಗಿದ್ದರೆ ಉಜ್ಜಿ ಉಜ್ಜಿ ಸಡಿಲವಾಗುವುದು ನಿಜ. ಆದರೆ ಪೆಡಲ್ ಗಟ್ಟಿಯಾಗುತ್ತಾ ಹೋದರೆ, ಓಡಿದಷ್ಟೂ ಬ್ರೇಕ್ ಜಾಸ್ತಿ ಹಿಡಿಯುತ್ತಾ ಹೋದರೆ, ಅದು ಶೂ ವಿಷಯ ಅಲ್ಲ. ಒಳಗೆ ಒತ್ತಡ ಸಿಕ್ಕಿಕೊಂಡಿದೆ ಎಂದು ಅರ್ಥ. ಪೈಪಿನಲ್ಲಿರುವ ಆಯಿಲ್ ಬಿಸಿಯಾಗಿ ಹಿಗ್ಗುತ್ತದೆ. ವಾಪಸ್ ಹೋಗಲು ದಾರಿ ಇಲ್ಲದಿದ್ದರೆ ಶೂವನ್ನೇ ಇನ್ನಷ್ಟು ಒತ್ತುತ್ತದೆ. ಅದರಿಂದ ಮತ್ತಷ್ಟು ಬಿಸಿ. ಸಂಪಾಜೆ ಘಾಟಿಯಲ್ಲೋ ಮಾಕುಟ್ಟ ದಾರಿಯಲ್ಲೋ ಹೀಗಾದರೆ ಆಯಿಲ್ ಕುದ್ದು ಆವಿಯಾಗಿ, ಕೊನೆಗೆ ಪೆಡಲ್ ಒತ್ತಿದರೂ ಬ್ರೇಕೇ ಇಲ್ಲ ಎನ್ನುವ ಸ್ಥಿತಿ ಬರಬಹುದು.

ಶೂ ತಪ್ಪೋ ಒತ್ತಡದ ತಪ್ಪೋ ಎಂದು ತಿಳಿಯಲು ದೊಡ್ಡ ಸಾಮಾನು ಏನೂ ಬೇಡ, ಒಂದು ಸಣ್ಣ ಸ್ಪ್ಯಾನರ್ ಸಾಕು. ಜೀಪನ್ನು ಹೇಗೋ ಮನೆಗೆ ತಲುಪಿಸಿದ ಮೇಲೆ ನಮ್ಮೂರಿನ ಹಳೆ ಮೆಕ್ಯಾನಿಕ್ ಒಬ್ಬರನ್ನು ಕರೆದೆ. ಊರವರೆಲ್ಲ ಅವರನ್ನು ಇಕ್ಕ ಎಂದೇ ಕರೆಯುವುದು. ವಯಸ್ಸಾಗಿದೆ, ಗ್ಯಾರೇಜ್ ನಿಲ್ಲಿಸಿದ್ದಾರೆ, ಆದರೆ ಕಿವಿ, ಕೈ ಎರಡೂ ಚುರುಕು. ಚಕ್ರ ಜಾಕಿ ಮೇಲೆ ಎತ್ತಿ, ತಿರುಗಿಸಲು ನೋಡಿದರು. ಅಲುಗಲಿಲ್ಲ. "ಮೊದಲು ಬ್ಲೀಡಿಂಗ್ ನಿಪ್ಪಲ್ ಸ್ವಲ್ಪ ಸಡಿಲ ಮಾಡಿ, ಮತ್ತೆ ಚಕ್ರ ತಿರುಗ್ತದಾ ನೋಡುವ" ಎಂದರು. ಬ್ರೇಕಿನ ಆಯಿಲ್, ಗಾಳಿ ಹೊರಬಿಡುವ ಆ ಸಣ್ಣ ನಿಪ್ಪಲನ್ನು ಅರ್ಧ ಸುತ್ತು ಬಿಟ್ಟದ್ದೇ ತಡ, ಚಿರ್ರೆಂದು ಆಯಿಲ್ ಹಾರಿತು. ಚಕ್ರ ಆರಾಮಾಗಿ ತಿರುಗಿತು.

ನಿಪ್ಪಲ್ ಬಿಟ್ಟಾಗ ಚಕ್ರ ಬಿಡುಗಡೆಯಾದರೆ ಒತ್ತಡದ ತೊಂದರೆ. ಬಿಡುಗಡೆಯಾಗದಿದ್ದರೆ ಶೂ, ಸ್ಪ್ರಿಂಗ್, ಅಡ್ಜಸ್ಟರ್ ಕಡೆ ನೋಡಬೇಕು. ಮುಂದಿನ ಹೆಜ್ಜೆಗೆ ಮತ್ತೆ ಪೆಡಲ್ ಒತ್ತಿ ಬ್ರೇಕ್ ಹಿಡಿಸಿ, ಈ ಸಲ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಸಿಲಿಂಡರ್) ಹತ್ತಿರದ ಪೈಪಿನ ನಟ್ಟು ಸಡಿಲ ಮಾಡಿದೆವು. ಅಲ್ಲೂ ಒತ್ತಡ ಇಳಿಯಿತು, ನಾಲ್ಕೂ ಚಕ್ರ ಬಿಟ್ಟುಕೊಂಡವು. ಅಂದರೆ ಆಯಿಲ್ ವಾಪಸ್ ಹೋಗದೆ ನಿಂತದ್ದು ಮಾಸ್ಟರ್ ಸಿಲಿಂಡರಿನ ಒಳಗೆ.

ಮಾಸ್ಟರ್ ಸಿಲಿಂಡರಿನಲ್ಲಿ ಒಂದು ಸೂಜಿ ಗಾತ್ರದ ತೂತು ಇರುತ್ತದೆ. ಪೆಡಲ್ ಬಿಟ್ಟಾಗ ರಬ್ಬರ್ ಕಪ್ ಹಿಂದೆ ಸರಿದು ಆ ತೂತು ತೆರೆಯಬೇಕು. ಆಗ ಹೆಚ್ಚಾದ ಆಯಿಲ್ ಡಬ್ಬಿಗೆ ವಾಪಸ್ ಹೋಗುತ್ತದೆ. ಪೆಡಲಿಗೆ ಸುಮಾರು ಅರ್ಧ ಇಂಚು ಆಟ ಬಿಡಬೇಕು ಎನ್ನುವುದು ಇದಕ್ಕೇ. ನಮ್ಮದರಲ್ಲಿ ಆಟ ಸರಿಯಾಗೇ ಇತ್ತು. ಹಾಗಾದರೆ ಕಪ್ಪೇ ದೊಡ್ಡದಾಗಿ ತೂತು ಮುಚ್ಚಿರಬೇಕು. ರಬ್ಬರ್ ಸುಮ್ನೆ ದೊಡ್ಡದಾಗುವುದಿಲ್ಲ ಅಲ್ವಾ?

ಡಬ್ಬಿಯ ಮುಚ್ಚಳ ತೆಗೆದಾಗಲೇ ಉತ್ತರ ಸಿಕ್ಕಿತು. ಮುಚ್ಚಳದ ಒಳಗಿನ ರಬ್ಬರ್ ವಾಷರ್ ಅಲೆ ಅಲೆಯಾಗಿ ಎದ್ದು ನಿಂತಿತ್ತು. ಆಯಿಲ್‌ನಲ್ಲಿ ಸ್ವಲ್ಪ ಕೆಂಪು ಬಣ್ಣ. ಇಕ್ಕ ಬೆರಳಲ್ಲಿ ಉಜ್ಜಿ ನೋಡಿ ತಲೆ ಅಲ್ಲಾಡಿಸಿದರು. ನಾನು ಖಚಿತ ಮಾಡಿಕೊಳ್ಳಬೇಕು ಎಂದು ಒಂದು ಗಾಜಿನ ಲೋಟದಲ್ಲಿ ನೀರು ತಂದೆ. ಸಿರಿಂಜ್‌ನಲ್ಲಿ ಡಬ್ಬಿಯಿಂದ ಸ್ವಲ್ಪ ಎಳೆದು ನೀರಿಗೆ ಬಿಟ್ಟು ಚಮಚದಲ್ಲಿ ಕಲಕಿದೆ. ಸರಿಯಾದ ಬ್ರೇಕ್ ಆಯಿಲ್ ಆಗಿದ್ದರೆ ಪೂರ್ತಿ ನೀರಿನಲ್ಲಿ ಬೆರೆತುಹೋಗಬೇಕು. ಬ್ರೇಕ್ ಆಯಿಲಿನ ಡಾಟ್ 3, ಡಾಟ್ 4 ದರ್ಜೆ ಎರಡೂ ಗ್ಲೈಕಾಲ್ ಜಾತಿಯವು, ನೀರಿನ ಜೊತೆ ಬೆರೆಯುತ್ತವೆ. ಇಲ್ಲಿ ಅರ್ಧ ಬೆರೆಯಿತು, ಅರ್ಧ ಮೇಲೆ ಬಂದು ನಿಂತಿತು. ಲೋಟವನ್ನು ಬೆಳಕಿಗೆ ಹಿಡಿದರೆ ನೀರಿನ ಮೇಲೆ ತೆಳುವಾದ ಕೆಂಪು ಪದರ, ಅಂಚಿನಲ್ಲಿ ಸಣ್ಣ ಸಣ್ಣ ಎಣ್ಣೆ ಕಣ್ಣುಗಳು. ಪವರ್ ಸ್ಟೇರಿಂಗ್‌ಗೂ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೂ ಹಾಕುವ ಕೆಂಪು ಆಯಿಲ್. ಪೆಟ್ರೋಲಿಯಂ ಎಣ್ಣೆ. ಬ್ರೇಕಿನ ರಬ್ಬರಿಗೆ ಅದು ವಿಷ.

ಹೊಸ ಬ್ರೇಕ್ ಆಯಿಲ್ ಬಾಟಲಿಯಿಂದಲೂ ಎರಡು ಹನಿ ಇನ್ನೊಂದು ಲೋಟದ ನೀರಿಗೆ ಬಿಟ್ಟು ಪಕ್ಕದಲ್ಲಿಟ್ಟು ಫೋಟೋ ತೆಗೆದೆ. ಡಬ್ಬಿಯಲ್ಲಿದ್ದ ಆಯಿಲನ್ನು ಒಂದು ಶುದ್ಧ ಬಾಟಲಿಗೆ ತುಂಬಿ ತಾರೀಕು ಬರೆದಿಟ್ಟೆ. ಏನು ಬಿಚ್ಚುವುದಕ್ಕೂ ಮೊದಲು ಇಷ್ಟು ಮಾಡಲೇಬೇಕು. ಬಿಚ್ಚಿ ತೊಳೆದ ಮೇಲೆ ಸಾಕ್ಷಿ ಎಲ್ಲಿರುತ್ತದೆ?

ಇನ್ನು ಆ ಹಿಂದಿನ ಎಡ ಚಕ್ರ. ಅಲುಗಾಟಕ್ಕೆ ಕಾರಣ ಹುಡುಕಲು ಟಾರ್ಚ್ ಹಿಡಿದು ನೋಡಿದರೆ, 5 ಬೋಲ್ಟುಗಳಲ್ಲಿ 2 ಹೊಸವು. ಉಳಿದ 3ರ ತುದಿಯ ಮೇಲೆ ಎಲ್ ಅಕ್ಷರ ಇದೆ, ಹೊಸದರ ಮೇಲೆ ಇಲ್ಲ. ಈ ಹಳೆ ಜೀಪುಗಳಲ್ಲಿ ಎಡಗಡೆಯ ಚಕ್ರಗಳ ಬೋಲ್ಟು ಎಡ ಥ್ರೆಡ್ಡಿನವು. ಚಕ್ರ ಮುಂದೆ ಉರುಳುವಾಗ ನಟ್ಟು ತಾನಾಗಿ ಸಡಿಲವಾಗಬಾರದು ಎಂದು ಹಾಗೆ ಮಾಡಿದ್ದಾರೆ. ಬಿಚ್ಚಲು ಬಲಕ್ಕೆ ತಿರುಗಿಸಬೇಕು, ಬಿಗಿ ಮಾಡಲು ಎಡಕ್ಕೆ. ಗಾಳಿ ಗನ್ ಹಿಡಿದ ಹುಡುಗನಿಗೆ ಇದು ಗೊತ್ತಿರಲಿಲ್ಲ. ಎಲ್ಲ ಗಾಡಿಗೂ ಮಾಡುವ ಹಾಗೆ ಎಡಕ್ಕೆ ಹೊಡೆದಿದ್ದಾನೆ. ನಟ್ಟು ಬಿಚ್ಚುವ ಬದಲು ಇನ್ನೂ ಬಿಗಿಯಾಗಿ 2 ಬೋಲ್ಟು ಕತ್ತರಿಸಿವೆ. ಆಮೇಲೆ ಯಾರೋ ತಿಳಿದವರು ಹೇಳಿರಬೇಕು, ಮುಂದಿನ ಎಡ ಚಕ್ರ ಸರಿಯಾಗೇ ಬಿಚ್ಚಿದ್ದಾರೆ.

ತುಂಡಾದದ್ದಕ್ಕಿಂತ ನನಗೆ ಜಾಸ್ತಿ ಸಿಟ್ಟು ಬಂದದ್ದು ಅದನ್ನು ಮುಚ್ಚಿಹಾಕಿದ ರೀತಿಗೆ. ಎಡ ಥ್ರೆಡ್ ಬೋಲ್ಟು ಸಿಗದೆ ಬಲ ಥ್ರೆಡ್ಡಿನ 2 ಬೋಲ್ಟು ಬಡಿದು ಕೂರಿಸಿದ್ದಾರೆ. ಒಂದೇ ಚಕ್ರದಲ್ಲಿ 3 ಎಡಕ್ಕೆ ಬಿಗಿಯಾಗುವುದು, 2 ಬಲಕ್ಕೆ ಬಿಗಿಯಾಗುವುದು. ದಾರಿಯಲ್ಲಿ ಪಂಚರ್ ಆಗಿ ಇನ್ಯಾರೋ ಸ್ಪ್ಯಾನರ್ ಹಾಕಿದರೆ ಏನಾಗಬಹುದು ಎಂದು ಯೋಚಿಸಿ. ಬಿಲ್‌ನಲ್ಲಿ ಒಂದು ಮಾತಿಲ್ಲ, ಗಾಡಿ ಕೊಡುವಾಗಲೂ ಹೇಳಲಿಲ್ಲ.

ಇಷ್ಟು ಸಿಕ್ಕಿದ ಮೇಲೆ ಬಿಲ್ ಇನ್ನೊಮ್ಮೆ ಓದಿದೆ. ಗೇರ್ ಆಯಿಲ್ ಎಂದು ಒಂದೇ ಸಾಲು, 90 ನಂಬರಿನ, ಜಿಎಲ್-5 ದರ್ಜೆಯದು. ಡಿಫರೆನ್ಷಿಯಲ್‌ಗೆ ಅದು ಸರಿ. ಗೇರ್‌ಬಾಕ್ಸ್‌ಗೂ ಅದನ್ನೇ ಹಾಕಿದ್ದಾರೆ. ನಮ್ಮದು ಟಿ-90 ಎನ್ನುವ 3 ಗೇರಿನ ಬಾಕ್ಸ್. ಎರಡು ಮತ್ತು ಮೂರನೇ ಗೇರಿಗೆ ಸಿಂಕ್ರೋ (ಗೇರ್ ಸದ್ದಿಲ್ಲದೆ ಬೀಳುವಂತೆ ಮಾಡುವ ಭಾಗ) ಇದೆ, ಅದರ ರಿಂಗುಗಳು ಹಿತ್ತಾಳೆಯವು. ಜಿಎಲ್-5ರಲ್ಲಿರುವ ಗಂಧಕ-ರಂಜಕದ ಮಿಶ್ರಣ ಜಾಸ್ತಿ, ಇಂಥ ಹಳದಿ ಲೋಹಕ್ಕೆ ಕಾಲಕ್ರಮೇಣ ಒಳ್ಳೆಯದಲ್ಲ. ತಕ್ಷಣ ಏನೂ ಆಗುವುದಿಲ್ಲ, ಹಾಗಾಗಿ ಇದಕ್ಕೆ ಗಾಬರಿ ಬೇಡ. ಗೇರ್‌ಬಾಕ್ಸಿನದೂ ಟ್ರಾನ್ಸ್‌ಫರ್ ಕೇಸಿನದೂ (ಮುಂದಿನ, ಹಿಂದಿನ ಆಕ್ಸಲಿಗೆ ಶಕ್ತಿ ಹಂಚುವ ಪೆಟ್ಟಿಗೆ) ಒಟ್ಟಿಗೆ ಇಳಿಸಿ ಜಿಎಲ್-4 ಹಾಕಿದೆವು. ಎರಡರ ನಡುವೆ ಆಯಿಲ್ ದಾಟುತ್ತದೆ, ಒಂದನ್ನು ಮಾತ್ರ ಬದಲಿಸಿ ಪ್ರಯೋಜನ ಇಲ್ಲ.

ಬ್ರೇಕಿಗೂ ಅದೇ ನಿಯಮ, ಇನ್ನೂ ಕಟ್ಟುನಿಟ್ಟಾಗಿ. ಈ ರಿಪೇರಿಯಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಇದೊಂದೇ. ಬ್ರೇಕಿನ ಒಳಗೆ ಎಣ್ಣೆ ಹೋಗಿದೆ ಎಂದು ಖಚಿತವಾದರೆ ಅರ್ಧ ಕೆಲಸ ಮಾಡಬೇಡಿ. ಆಯಿಲ್ ಚೆಲ್ಲಿ ಹೊಸದು ತುಂಬಿದರೆ ಆಗುವುದಿಲ್ಲ. ಮಾಸ್ಟರ್ ಸಿಲಿಂಡರ್ ಕಿಟ್ ಮಾತ್ರ ಹಾಕಿದರೂ ಆಗುವುದಿಲ್ಲ. ರಬ್ಬರ್ ಎಣ್ಣೆಯನ್ನು ಹೀರಿಕೊಂಡಿರುತ್ತದೆ. ಒಂದು ಹಳೆ ಕಪ್ಪೋ ಹಳೆ ಹೋಸ್ ಪೈಪೋ ಉಳಿದರೂ ಅದರಿಂದ ಎಣ್ಣೆ ಹೊರಬಂದು ಹೊಸ ರಬ್ಬರನ್ನೂ ಕೆಡಿಸುತ್ತದೆ. ಆಯಿಲ್ ಮುಟ್ಟಿದ ರಬ್ಬರ್ ಎಂಬುದು ಒಂದೂ ಉಳಿಯಬಾರದು.

ಏನೇನು ಎಂದು ಪೆಡಲಿನಿಂದ ಚಕ್ರದವರೆಗೆ ಬೆರಳಿಟ್ಟು ನೋಡುತ್ತಾ ಹೋದೆವು. ಮಾಸ್ಟರ್ ಸಿಲಿಂಡರಿನ ಕಪ್‌ಗಳು, ಒಳಗಿನ ಚೆಕ್ ವಾಲ್ವ್, ಮುಚ್ಚಳದ ವಾಷರ್. ಚಕ್ರದ ಒಳಗೆ ಶೂವನ್ನು ಒತ್ತುವ ನಾಲ್ಕು ವೀಲ್ ಸಿಲಿಂಡರುಗಳಲ್ಲಿ ತಲಾ ಎರಡು ಕಪ್, ಎರಡು ಧೂಳಿನ ಬೂಟು. ಫ್ರೇಮಿಗೂ ಆಕ್ಸಲಿಗೂ ನಡುವಿನ ರಬ್ಬರ್ ಹೋಸ್ ಪೈಪುಗಳು ಎಲ್ಲವೂ. ಇಲ್ಲಿಗೆ ಮುಗಿಯಿತು ಎಂದು ಎಲ್ಲರೂ ನಿಲ್ಲಿಸುತ್ತಾರೆ. ಇನ್ನೊಂದಿದೆ. ಈ ಜೀಪಿನಲ್ಲಿ ಬ್ರೇಕ್ ಲೈಟಿನ ಸ್ವಿಚ್ ಪೆಡಲಿನಲ್ಲಿಲ್ಲ, ಮಾಸ್ಟರ್ ಸಿಲಿಂಡರ್ ಹತ್ತಿರ ಆಯಿಲ್ ದಾರಿಯಲ್ಲೇ ಇದೆ. ಒತ್ತಡದಿಂದ ಕೆಲಸ ಮಾಡುವ ಸ್ವಿಚ್, ಅದರೊಳಗೂ ಒಂದು ರಬ್ಬರ್ ಪೊರೆ. ಅದನ್ನೂ ಬದಲಿಸಬೇಕು. ಒಂದು ಸಮಾಧಾನ ಏನೆಂದರೆ ಕ್ಲಚ್ ರಾಡಿನದು, ಆಯಿಲಿನದಲ್ಲ. ಹ್ಯಾಂಡ್ ಬ್ರೇಕ್ ಕೂಡ ಬೇರೆಯೇ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಹಿಡಿಯುವ ಡ್ರಮ್. ಅವೆರಡಕ್ಕೂ ಏನೂ ಆಗಿರಲಿಲ್ಲ.

ಕಿಟ್‌ಗಳು ಮೈಸೂರಿನಲ್ಲಿ ಸಿಕ್ಕವು. ಎಡ ಥ್ರೆಡ್ ಬೋಲ್ಟು, ನಟ್ಟು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಂತು. ಹೋಗುವಾಗ ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ನಮ್ಮದರಲ್ಲಿ ಮುಂದಿನ ವೀಲ್ ಸಿಲಿಂಡರ್ 1 ಇಂಚಿನದು, ಹಿಂದಿನದು ಮುಕ್ಕಾಲು ಇಂಚಿನದು. ಅಂಗಡಿಯವರು "ಜೀಪಿನ ಕಿಟ್" ಎಂದು ಕೊಟ್ಟದ್ದನ್ನು ಹಾಗೇ ತಂದರೆ ಕೊನೆಗೆ ಅಳತೆ ಕೂಡುವುದಿಲ್ಲ.

ಬಿಚ್ಚುವ ಕೆಲಸ ಶೆಡ್ಡಿನಲ್ಲೇ ನಡೆಯಿತು. ಮಾಸ್ಟರ್ ಸಿಲಿಂಡರಿನಿಂದ ತೆಗೆದ ಕಪ್ ನೋಡಿ ಬೇಜಾರಾಯಿತು. ಹೊಸ ಕಪ್ಪನ್ನು ಅದರ ಪಕ್ಕ ಇಟ್ಟೆ. ಹಳೆಯದು ನೆನೆಸಿದ ಕಡಲೆಯ ಹಾಗೆ ಉಬ್ಬಿತ್ತು. ತುಟಿಯ ಅಂಚು ಹೊರಕ್ಕೆ ಮಡಚಿಕೊಂಡಿತ್ತು, ಉಗುರು ಒತ್ತಿದರೆ ಗುರುತು ಹಾಗೇ ಉಳಿಯುತ್ತಿತ್ತು. ಹೊಸ ಕಪ್ ಸಿಲಿಂಡರಿನೊಳಗೆ ಬೆರಳಲ್ಲಿ ಒತ್ತಿದರೆ ಸರಿಯುತ್ತದೆ. ಹಳೆಯದನ್ನು ವಾಪಸ್ ತುರುಕಲು ನೋಡಿದರೆ ಬಾಯಿಯಲ್ಲೇ ಸಿಕ್ಕಿಕೊಂಡಿತು. ಈ ಎರಡರ ಫೋಟೋ ಆಮೇಲೆ ಮಾತುಕತೆಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಸಹಾಯಕ್ಕೆ ಬಂತು.

ಲೋಹದ ಭಾಗಗಳನ್ನು, ಉಕ್ಕಿನ ಪೈಪುಗಳನ್ನು ಉಳಿಸಿಕೊಳ್ಳಬಹುದು, ತೊಳೆದರೆ ಸಾಕು. ಆದರೆ ಸೀಮೆಎಣ್ಣೆ, ಪೆಟ್ರೋಲ್, ಡೀಸೆಲ್ ಯಾವುದೂ ಬೇಡ. ಅವೂ ಎಣ್ಣೆಯೇ, ಒಳಗೆ ಒಂದು ಹನಿ ನಿಂತರೂ ಮತ್ತದೇ ಕಥೆ. ನಾವು ಐಸೊಪ್ರೊಪೈಲ್ ಆಲ್ಕೋಹಾಲ್ ತಂದು ಸಿರಿಂಜ್‌ನಲ್ಲಿ ಒಂದು ತುದಿಯಿಂದ ಒತ್ತಿ, ಇನ್ನೊಂದು ತುದಿಗೆ ಬಿಳಿ ಬಟ್ಟೆ ಹಿಡಿದೆವು. ಮೊದಲು ಕೆಂಪು-ಕಂದು ಬಣ್ಣ ಬಂತು, ಆಮೇಲೆ ತಿಳಿಯಾಯಿತು. ಬಟ್ಟೆಯಲ್ಲಿ ಬಣ್ಣ ಪೂರ್ತಿ ನಿಲ್ಲುವವರೆಗೆ ಬಿಡಲಿಲ್ಲ. ಕೊನೆಗೆ ಗಾಳಿ ಹೊಡೆದು ಒಣಗಿಸಿದೆವು. ಹತ್ತಿರ ಬೀಡಿ, ಬೆಂಕಿ ಇರಬಾರದು, ಶೆಡ್ಡಿನ ಬಾಗಿಲು ತೆರೆದಿರಬೇಕು.

ವೀಲ್ ಸಿಲಿಂಡರ್ ಒಳಗೆ ಬೆರಳಾಡಿಸಿ ನೋಡಿ. ನುಣ್ಣಗಿದ್ದರೆ ಸಣ್ಣ ಎಮರಿ ಪೇಪರಿನಲ್ಲಿ ಸುತ್ತಲೂ ಉಜ್ಜಿ ಮತ್ತೆ ಬಳಸಬಹುದು. ಉಗುರಿಗೆ ಗುಂಡಿ ತಾಗಿದರೆ ಬೇಡ, ಹೊಸದೇ ಹಾಕಿ. ಕೊಡಗಿನ ಮಳೆಗೆ ಈ ಗುಂಡಿಗಳು ಬೇಗ ಬರುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಆ ನೀರು ಸಿಲಿಂಡರಿನ ತಳದಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ನಮ್ಮದರಲ್ಲಿ ಹಿಂದಿನ ಬಲಗಡೆಯದು ಹಾಗಾಗಿತ್ತು. ಅದು ವರ್ಕ್‌ಶಾಪಿನ ತಪ್ಪಲ್ಲ, ಅವರ ಲೆಕ್ಕಕ್ಕೆ ಸೇರಿಸಲೂ ಇಲ್ಲ.

ಬಿಸಿಯಿಂದ ಆದ ಹಾನಿಯನ್ನೂ ನೋಡಬೇಕು. ಡ್ರಮ್ಮಿನ ಒಳಗೆ ಅಲ್ಲಲ್ಲಿ ನೀಲಿ ಕಲೆ ಬಿದ್ದಿತ್ತು. ಲೇತ್‌ನಲ್ಲಿ ಸ್ವಲ್ಪ ತೆಗೆಸಿದಾಗ ಹೋಯಿತು, ಬಿರುಕು ಕಾಣಲಿಲ್ಲ. ಶೂ ಲೈನರ್ ಸುಟ್ಟು ಗಾಜಿನಂತೆ ಹೊಳೆಯುತ್ತಿದ್ದುದರಿಂದ ಹೊಸ ಲೈನರ್ ಹೊಡೆಸಿದೆವು. ಮುಂದಿನ ಹಬ್‌ಗಳಲ್ಲಿ ಗ್ರೀಸ್ ಕರಗಿ ಹರಿದಿತ್ತು. ಬೇರಿಂಗ್ ತೊಳೆದು ನೋಡಿ, ಹೊಸ ಗ್ರೀಸ್ ತುಂಬಿ, ಸೀಲ್ ಬದಲಿಸಿದೆವು.

ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ಹಿಂದಿನ ಎಡ ಹಬ್. ಈ ಆಕ್ಸಲ್ ತುದಿ ಚೂಪಾಗುತ್ತಾ ಹೋಗುತ್ತದೆ, ಹಬ್ ಅದರ ಮೇಲೆ ಕೀ ಜೊತೆ ಬಿಗಿಯಾಗಿ ಕೂರುತ್ತದೆ. ತೆಗೆಯಲು ಗಟ್ಟಿ ಪುಲ್ಲರ್, ಅಂದರೆ ಸ್ಕ್ರೂ ತಿರುಗಿಸಿ ಎಳೆಯುವ ಸಾಧನ, ಬೇಕೇ ಬೇಕು. ಪುಲ್ಲರ್ ಇಲ್ಲದೆ ಸುತ್ತಿಗೆಯಲ್ಲಿ ಆಕ್ಸಲ್ ತುದಿಗೆ ಬಡಿದಿದ್ದರು. ಥ್ರೆಡ್ಡಿನ ಮೊದಲ ಸುತ್ತುಗಳು ಚಪ್ಪಟೆಯಾಗಿದ್ದವು. ಹಾಗೆ ಬಡಿದರೆ ಏಟು ಒಳಗಿನ ಬೇರಿಂಗಿಗೂ ಹೋಗುತ್ತದೆ. ಇಕ್ಕ ಪುಲ್ಲರ್ ಬಿಗಿ ಮಾಡಿ ಒಂದು ರಾತ್ರಿ ಹಾಗೇ ಬಿಡಲು ಹೇಳಿದರು. ಬೆಳಿಗ್ಗೆ ಇನ್ನೊಂದು ಕಾಲು ಸುತ್ತು ಕೊಟ್ಟಾಗ ಟಪ್ ಎಂದು ಬಂತು. ಆ ಶಬ್ದಕ್ಕೆ ನಮ್ಮಿಬ್ಬರ ಮುಖವೂ ಅರಳಿತು. ಥ್ರೆಡ್ಡನ್ನು ಸಣ್ಣ ಅರದಲ್ಲಿ ನಿಧಾನವಾಗಿ ತೀಡಿ, ನಟ್ಟು ಕೈಯಲ್ಲೇ ಏರುವ ಹಾಗೆ ಮಾಡಿದೆವು. ಆಕ್ಸಲ್ ಒಳಗೆ-ಹೊರಗೆ ಎಷ್ಟು ಆಡುತ್ತದೆ ಎಂದು ಡಯಲ್ ಗೇಜ್ ಇಟ್ಟು ನೋಡಿದೆವು. ಪುಣ್ಯಕ್ಕೆ ಬೇರಿಂಗ್ ಉಳಿದಿತ್ತು.

ಬೋಲ್ಟು ಬದಲಿಸುವುದೂ ಸುಲಭ ಅಲ್ಲ. ಈ ಜೀಪಿನಲ್ಲಿ ಚಕ್ರ ಹಿಡಿಯುವ ಬೋಲ್ಟುಗಳೇ ಡ್ರಮ್ಮನ್ನೂ ಹಬ್ಬಿಗೆ ಹಿಡಿದಿಟ್ಟಿವೆ. ಬೋಲ್ಟಿನ ಕುತ್ತಿಗೆಯಲ್ಲಿ ಗೀರು ಗೀರಾದ ಹಲ್ಲುಗಳಿವೆ, ಅವು ತೂತಿನಲ್ಲಿ ಕಚ್ಚಿ ಕೂರಬೇಕು. ವರ್ಕ್‌ಶಾಪಿನವರು ಹಾಕಿದ್ದ ಬೋಲ್ಟು ಕಚ್ಚಿರಲಿಲ್ಲ, ಡ್ರಮ್ ಮತ್ತು ಹಬ್ ನಡುವೆ ತುಕ್ಕಿನ ಪುಡಿ ಹಾಗೇ ಇತ್ತು. ಚಕ್ರ ಅಲುಗುತ್ತಿದ್ದುದು ಅದಕ್ಕೇ. ನಾವು ಆ ಚಕ್ರದ 5 ಬೋಲ್ಟನ್ನೂ ತೆಗೆದೆವು. ಗನ್ನಿನ ಏಟು ತಿಂದ ಹಳೆ 3ನ್ನು ನಂಬಲು ಮನಸ್ಸಾಗಲಿಲ್ಲ. ಲೇತ್ ಅಂಗಡಿಯಲ್ಲಿ ಪ್ರೆಸ್‌ಗೆ ಇಟ್ಟು ಹೊರತೆಗೆಸಿ, ಎರಡೂ ಮುಖ ಚೊಕ್ಕ ಮಾಡಿ, ಹೊಸದನ್ನು ಪ್ರೆಸ್‌ನಲ್ಲೇ ಕೂರಿಸಿದರು. ಬೋಲ್ಟಿನ ಕುತ್ತಿಗೆಯ ಅಂಚನ್ನು ಹಬ್ಬಿನ ಗುಳಿಗೆ ಅಗಲವಾಗಿ ಕೂರುವಂತೆ ಪಂಚ್‌ನಲ್ಲಿ ತಟ್ಟಿದರು. ಆಮೇಲೆ ಅಲ್ಲೇ ಡ್ರಮ್ ತಿರುಗಿಸಿ ನೋಡಿದರೆ ಓಲಾಟ ಇರಲಿಲ್ಲ.

ಎಲ್ಲವನ್ನೂ ಬಲ ಥ್ರೆಡ್ ಮಾಡಿಬಿಡಿ ಎಂದು ಲೇತ್‌ನವರು ಸಲಹೆ ಕೊಟ್ಟರು. ಅದರಲ್ಲಿ ತಪ್ಪಿಲ್ಲ, ಎಷ್ಟೋ ಜನ ಹಾಗೆ ಮಾಡಿಸಿ ಸುಖವಾಗಿ ಓಡಿಸುತ್ತಿದ್ದಾರೆ. ಆದರೆ ಮುಂದಿನ ಎಡ ಚಕ್ರದ ಬೋಲ್ಟುಗಳು ಗಟ್ಟಿಮುಟ್ಟಾಗಿವೆ. ಹಿಂದೆ ಒಂದು ಥರ, ಮುಂದೆ ಒಂದು ಥರ ಆದರೆ ಗೊಂದಲ. ಮಾಡಿದರೆ ಎರಡಕ್ಕೂ ಮಾಡಬೇಕು, ಇಲ್ಲದಿದ್ದರೆ ಇದ್ದದ್ದನ್ನೇ ಉಳಿಸಬೇಕು. ನಾನು ಉಳಿಸಿದೆ. ಎಡಗಡೆಯ ಎರಡೂ ಚಕ್ರದ ಡಿಸ್ಕಿನ ಮೇಲೆ ಬಿಚ್ಚುವ ದಿಕ್ಕಿಗೆ ಕೆಂಪು ಬಣ್ಣದಲ್ಲಿ ಬಾಣ ಬರೆದೆ.

ಜೋಡಿಸುವಾಗ ಕಪ್‌ಗಳಿಗೆ ಹೊಸ ಬ್ರೇಕ್ ಆಯಿಲನ್ನೇ ಸವರಿದೆವು. ಗ್ರೀಸ್ ತಾಗಿದ ಕೈಯಲ್ಲಿ ರಬ್ಬರ್ ಮುಟ್ಟಲೇ ಇಲ್ಲ. ಡಾಟ್ 3 ತುಂಬಿದೆವು. ಹೊಸದಿರುವಾಗ ಅದರ ಕುದಿಯುವ ಮಟ್ಟ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು ಎಂಬುದು ನಿಯಮ. ನೀರು ಹೀರಿಕೊಂಡ ಮೇಲೆ ಅದು 140ರವರೆಗೂ ಇಳಿಯಬಹುದು. ಘಾಟಿ ರಸ್ತೆಯಲ್ಲಿ ಓಡಿಸುವವರು ಈ ಎರಡು ಅಂಕಿ ನೆನಪಿಟ್ಟುಕೊಳ್ಳಬೇಕು. ಬ್ಲೀಡಿಂಗ್, ಅಂದರೆ ಪೈಪಿನ ಗಾಳಿ ಹೊರತೆಗೆಯುವ ಕೆಲಸ, ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರದಿಂದ ಶುರು. ನಮ್ಮದು ಬಲಗಡೆ ಸ್ಟೇರಿಂಗ್, ಮಾಸ್ಟರ್ ಸಿಲಿಂಡರ್ ಅದೇ ಕಡೆ ಕಾಲಿನ ಕೆಳಗಿದೆ. ಹಾಗಾಗಿ ಮೊದಲು ಹಿಂದಿನ ಎಡ, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಹಾಕಿ, ಇನ್ನೊಂದು ತುದಿ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿದರೆ ಗುಳ್ಳೆ ನಿಂತದ್ದು ಕಣ್ಣಿಗೇ ಕಾಣುತ್ತದೆ. ಹೊರಬಂದ ಆಯಿಲನ್ನು ಮತ್ತೆ ಲೋಟದ ನೀರಿಗೆ ಬಿಟ್ಟೆ. ಪೂರ್ತಿ ಬೆರೆಯಿತು, ಮೇಲೆ ಏನೂ ತೇಲಲಿಲ್ಲ.

ವರ್ಕ್‌ಶಾಪಿನ ಮಾತುಕತೆ. ಸಿಟ್ಟಿನಲ್ಲಿ ಹೋಗಿ ಕೂಗಾಡಬೇಕು ಅನಿಸುವುದು ಸಹಜ. ನಾನು ಬಿಚ್ಚುವ ಮೊದಲೇ ಮಾಲೀಕರಿಗೆ ಬರಹದಲ್ಲಿ ತಿಳಿಸಿದ್ದೆ: ಇಂಥ ದಿನ ಬಿಚ್ಚುತ್ತೇವೆ, ನಿಮ್ಮ ಕಡೆಯಿಂದ ಯಾರಾದರೂ ಬಂದು ನೋಡಬಹುದು ಎಂದು. ಯಾರೂ ಬರಲಿಲ್ಲ, ಆದರೆ ಹಾಗೆ ಕರೆದದ್ದು ದಾಖಲೆಯಲ್ಲಿ ಉಳಿಯಿತು. ಆಮೇಲೆ ಬಿಲ್, ಬಾಟಲಿಯಲ್ಲಿದ್ದ ಆಯಿಲ್, ಉಬ್ಬಿದ ಕಪ್, ಬಲ ಥ್ರೆಡ್ ಬೋಲ್ಟು, ಫೋಟೋಗಳು ಎಲ್ಲ ತೆಗೆದುಕೊಂಡು ಹೋದೆ. ಮೊದಲು "ಹಳೆ ಗಾಡಿ ಸಾರ್, ರಬ್ಬರ್ ಮೊದಲೇ ಹೋಗಿರ್ತದೆ" ಎಂದರು. ಅವರ ಮೇಜಿನ ಮೇಲೇ ಎರಡು ಲೋಟ ನೀರು ಇಟ್ಟು ಎರಡೂ ಆಯಿಲ್ ಬಿಟ್ಟು ತೋರಿಸಿದೆ. "ವಯಸ್ಸಿಗೆ ರಬ್ಬರ್ ಒಣಗಿ ಬಿರಿಯುತ್ತದೆ ಅಣ್ಣ, ಹೀಗೆ ಉಬ್ಬುವುದಿಲ್ಲ" ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಸ್ಟೋರಿಗೆ ಹೋಗಿ ನೋಡಿ ಬಂದರು. ಅಳತೆ ಡಬ್ಬಿ ಒಂದೇ, ಎಲ್ಲ ಆಯಿಲಿಗೂ ಅದನ್ನೇ ಬಳಸುತ್ತಿದ್ದರಂತೆ.

ಕೇಳಿದ್ದು ಇಷ್ಟೇ: ನಿಮ್ಮಿಂದ ಕೆಟ್ಟ ಭಾಗಗಳ ಖರ್ಚು, ಲೇತ್ ಕೂಲಿ, ಇಕ್ಕನ ಕೂಲಿ. ತುಕ್ಕು ಹಿಡಿದ ವೀಲ್ ಸಿಲಿಂಡರ್ ನನ್ನ ಲೆಕ್ಕ ಎಂದು ನಾನೇ ಬೇರೆ ಮಾಡಿ ಬರೆದುಕೊಟ್ಟೆ. ಅದನ್ನು ನೋಡಿದ ಮೇಲೆ ಅವರ ಮಾತಿನ ದಾಟಿ ಬದಲಾಯಿತು. ಸ್ವಲ್ಪ ಚೌಕಾಸಿ ನಡೆದರೂ ಬಹುಪಾಲು ದುಡ್ಡು ಕೊಟ್ಟರು.

ಕೊಡದಿದ್ದರೂ ದಾರಿ ಇತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇದು ಸೇವಾ ನ್ಯೂನತೆ. ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. ಈ ಕಾಯ್ದೆಯಲ್ಲಿ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವರ್ಕ್‌ಶಾಪ್ ಬೇರೆ ಜಿಲ್ಲೆಯಲ್ಲಿದ್ದರೂ ಸರಿ. ಸೇವೆಗೆ ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ತೊಂದರೆ ಆದ 2 ವರ್ಷದೊಳಗೆ ದೂರು ಕೊಡಬೇಕು. ಮೊದಲು ಸಲಹೆ ಬೇಕಾದರೆ 1915 ಸಂಖ್ಯೆಯ ಸಹಾಯವಾಣಿ ಇದೆ. ಆದರೆ ಬಿಲ್ ಇಲ್ಲದೆ ಯಾವುದೂ ನಡೆಯುವುದಿಲ್ಲ. ಪರಿಚಯದವರು ಎಂದು ಬಿಲ್ ಬಿಡಬೇಡಿ.

ಈಗ ಡ್ಯಾಶ್‌ಬೋರ್ಡ್ ಕೆಳಗೆ ಒಂದು ಹಾಳೆ ಅಂಟಿಸಿದ್ದೇನೆ, ಪ್ಲಾಸ್ಟಿಕ್ ಹಾಕಿಸಿ. ಎಡ ಚಕ್ರಗಳು ಎಡ ಥ್ರೆಡ್, ಗನ್ ಬಳಸಬೇಡಿ. ಬ್ರೇಕಿಗೆ ಸೀಲ್ ಒಡೆಯದ ಡಾಟ್ 3 ಬಾಟಲಿ ಮಾತ್ರ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್‌ಗೆ ಜಿಎಲ್-4, ಡಿಫರೆನ್ಷಿಯಲ್‌ಗೆ ಜಿಎಲ್-5. ಹಿಂದಿನ ಹಬ್‌ಗೆ ಪುಲ್ಲರ್, ಸುತ್ತಿಗೆ ಬೇಡ. ಇದರದೇ ಒಂದು ಪ್ರತಿಗೆ ಗಾಡಿ ಬಿಡುವಾಗ ವರ್ಕ್‌ಶಾಪಿನವರ ಸಹಿ ಹಾಕಿಸಿಕೊಳ್ಳುತ್ತೇನೆ. ಇಂದಿನ ಹುಡುಗರು ಇಂಥ ಗಾಡಿ ನೋಡಿಯೇ ಇರುವುದಿಲ್ಲ, ಅವರಿಗೆ ಹೇಳುವ ಕೆಲಸ ನಮ್ಮದೇ.

ಭಾಗಮಂಡಲದವರೆಗೆ ಓಡಿಸಿ ಬಂದು ನಾಲ್ಕೂ ಡ್ರಮ್ ಮುಟ್ಟಿ ನೋಡಿದೆ, ಒಂದೇ ಸಮನಾಗಿ ಬೆಚ್ಚಗಿದ್ದವು. ಹಿಂದಿನ ಹಬ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ ಹೊಸ ಸ್ಪ್ಲಿಟ್ ಪಿನ್ ಹಾಕಿದ್ದಾಯಿತು. ಚೂಪು ಆಕ್ಸಲಿನ ಹಬ್ ಸ್ವಲ್ಪ ಓಡಿದ ಮೇಲೆ ಇನ್ನಷ್ಟು ಕೂರುತ್ತದೆ, ಹಾಗಾಗಿ ಇದನ್ನು ಬಿಡುವಂತಿಲ್ಲ. ಹಿಂದಿನ ಪಿನಿಯನ್ ಸೀಲ್‌ನಲ್ಲಿ ಸಣ್ಣಗೆ ಆಯಿಲ್ ಒಸರುತ್ತಿದೆ. ಅದು ಮೊದಲಿಂದಲೂ ಇದ್ದದ್ದು, ಕಾಫಿ ಕೊಯ್ಲು ಮುಗಿದ ಮೇಲೆ ಬಿಚ್ಚುತ್ತೇವೆ.